ಮೂರು ನಕ್ಷತ್ರ ಕಾಣುವವರೆಗೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ನಾನು ಆಫೀಸಿನ ಗಾಡಿಯಲ್ಲಿ ಕೂತು ಮಸ್ಕತ್ತಿನ ರೂವಿ ದಾಟುತ್ತಿರುವಾಗ, ಕೋಟೇಶ್ವರದಿಂದ ದೊಡ್ಡಮ್ಮನ ಫೋನು ಬರುತ್ತದೆ. ಅಲ್ಲಿ ಆಗ ಎಂಟೂವರೆ. ದೋಸೆ ಮುಗಿದಿರುತ್ತದೆ, ದೊಡ್ಡಪ್ಪ ಪೇಪರು ಹಿಡಿದು ಜಗಲಿಗೆ ಹೋಗಿರುತ್ತಾರೆ, ಮಾತಾಡಲು ಪ್ರಶಸ್ತ ಹೊತ್ತು. “ಇವತ್ ರಜೆ ಅಲ್ದಾ ಮಗಾ?” ಎಂದೇ ಮಾತು ಶುರು. ಇಲ್ಲಿ ರಜೆ ಶುಕ್ರವಾರ, ಶನಿವಾರ ದೊಡ್ಡಮ್ಮ ಎಂದರೆ “ಆಯ್ತಾರವೂ ಕೆಲ್ಸವಾ!” ಎಂದು ಮರುಗುತ್ತಾರೆ. ಮುಂದಿನ ಭಾನುವಾರ ಮತ್ತೆ ಅದೇ ಪ್ರಶ್ನೆ, ಅದೇ ಮರುಕ. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಈಗ ಆ ಪ್ರಶ್ನೆ ಕೇಳಿಸದಿದ್ದರೆ ವಾರ ಶುರುವಾದ ಹಾಗೇ ಅನಿಸುವುದಿಲ್ಲ.

ಒಮಾನಿನಲ್ಲಿ ಮೊದಲು ಗುರುವಾರ ಮತ್ತು ಶುಕ್ರವಾರ ರಜೆಯಿತ್ತು. 2013ರ ಮೇ 1ರಿಂದ ಅದನ್ನು ಶುಕ್ರವಾರ, ಶನಿವಾರಕ್ಕೆ ಬದಲಿಸಿದರು. ವಾರವೆಂಬುದು ಬೆಟ್ಟ, ಹೊಳೆಗಳ ಹಾಗೆ ಕದಲದೆ ಇರುವಂಥದ್ದು ಎಂದು ನಂಬಿ ಬೆಳೆದವರಿಗೆ, ಒಂದು ಆದೇಶದಿಂದ ರಜೆಯ ದಿನವೇ ಜರುಗುತ್ತದೆಂಬುದು ಸೋಜಿಗ. ದಿನ ಯಾವುದಾದರೇನು, ಕೊಲ್ಲಿಯಲ್ಲಿರುವ ನಮ್ಮವರ ರಜೆ ಕಳೆಯುವ ರೀತಿ ಬದಲಾಗಲಿಲ್ಲ. ವಾರವಿಡೀ “ಶುಕ್ರವಾರ ನೋಡಿಕೊಳ್ಳೋಣ” ಎಂದು ಮುಂದೆ ತಳ್ಳಿದ ಕೆಲಸಗಳೆಲ್ಲ ಅವತ್ತೇ ಬಾಗಿಲಿಗೆ ಬರುತ್ತವೆ. ಬಟ್ಟೆ ಒಗೆಯುವುದು, ಊರಿಗೆ ದುಡ್ಡು ಕಳಿಸುವುದು, ತರಕಾರಿ, ಕಾರಿನ ಸರ್ವಿಸು. ದೊಡ್ಡ ಪ್ರಮಾಣದಲ್ಲೂ ಇಲ್ಲಿಯ ಬದುಕು ಹಾಗೆಯೇ. ಇನ್ನೆರಡು ವರ್ಷ, ಮನೆ ಸಾಲ ತೀರಲಿ. ಇನ್ನೆರಡು ವರ್ಷ, ಮಗಳ ಓದು ಮುಗಿಯಲಿ. ವೀಸಾ ನವೀಕರಣವೂ ಸಾಮಾನ್ಯವಾಗಿ ಎರಡೆರಡು ವರ್ಷಕ್ಕೇ. ಇಲ್ಲಿಯ ಕಾಲವನ್ನು ದಾಟಿಬಿಡಬೇಕು, ಬದುಕುವುದೇನಿದ್ದರೂ ಆಮೇಲೆ, ಊರಿನಲ್ಲಿ, ಎಂಬ ಭಾವ ಬಹುತೇಕ ಎಲ್ಲರ ಒಳಗೂ ಕೂತಿರುತ್ತದೆ.

ಈ ಭಾವಕ್ಕೆ ಎದುರಾಗಿ ನಿಂತ ಒಬ್ಬರನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ಅಪ್ಪನ ನೌಕರಿಯಿಂದಾಗಿ ನಾವು ಠಾಣೆಯಲ್ಲಿದ್ದೆವು. ನಮ್ಮ ಚಾಳಿನಲ್ಲೇ ಒಂದು ಬೆನೆ ಇಸ್ರೇಲಿ ಕುಟುಂಬವಿತ್ತು. ಶತಮಾನಗಳಿಂದ ಕೊಂಕಣ ತೀರದಲ್ಲಿ ನೆಲೆಸಿ, ಮರಾಠಿಯನ್ನೇ ಮನೆಮಾತು ಮಾಡಿಕೊಂಡ ಯಹೂದಿಗಳು ಇವರು. ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದ ಅವರ ಹಿರಿಯರು ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಊರಿನ ಜನ ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದೇ ಗುರುತಿಸುತ್ತಿದ್ದರು. ಏನು ಮಾಡುತ್ತಾರೆ ಎನ್ನುವುದರ ಜೊತೆಗೆ ಯಾವತ್ತು ಮಾಡುವುದಿಲ್ಲ ಎಂಬುದೂ ಸೇರಿ ಒಂದು ಸಮುದಾಯಕ್ಕೆ ಹೆಸರು ಬಂದದ್ದು ನನಗೆ ಇವತ್ತಿಗೂ ಗೌರವ ಹುಟ್ಟಿಸುವ ಸಂಗತಿ.

ಆ ಕುಟುಂಬದ ಹೆಂಗಸನ್ನು ನಾವು ಮಾವಶಿ ಎನ್ನುತ್ತಿದ್ದೆವು. ಮಾವಶಿಯ ಶುಕ್ರವಾರ ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತು. ಮರುದಿನದ ಅಡುಗೆಯೂ ಅವತ್ತೇ ಆಗಬೇಕು. ಸಂಜೆ, ಸೂರ್ಯ ಮುಳುಗುವ ಮೊದಲೇ, ಸ್ನಾನ ಮುಗಿಸಿ ದೀಪ ಹಚ್ಚುತ್ತಿದ್ದರು. ಅಲ್ಲಿಂದ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಸಬ್ಬತ್, ವಿಶ್ರಾಂತಿಯ ದಿನ. ಅಷ್ಟು ಹೊತ್ತೂ ಆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ, ರೇಡಿಯೋ ಹಾಡುತ್ತಿರಲಿಲ್ಲ, ಯಾರೂ ಪೆನ್ನು ಹಿಡಿಯುತ್ತಿರಲಿಲ್ಲ. ಶನಿವಾರ ಹಾಲಿನವನು ಬಂದಾಗ ಲೆಕ್ಕದ ಚೀಟಿಯಲ್ಲಿ ಗುರುತು ಹಾಕುತ್ತಿದ್ದವಳು ನನ್ನಮ್ಮ. ಮಾವಶಿ ಬರೆದುಕೊಡಿ ಎಂದು ಕೇಳುತ್ತಿರಲಿಲ್ಲ. ಹಾಗೆ ಬೇರೆಯವರಿಗೆ ಹೇಳಿ ಮಾಡಿಸುವಂತೆಯೂ ಇಲ್ಲವಂತೆ. ಅಮ್ಮ ತಾನಾಗಿ ಹೋಗಿ ಬರೆದು ಬರುತ್ತಿದ್ದಳು. ಹರಕೆ ತೀರಿಸಿದ ದಿನ ಆ ಮನೆಯಿಂದ ಮಲೀದಾ ಬರುತ್ತಿತ್ತು. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಹಾಕಿ ಕಲಸಿ, ಪ್ರವಾದಿ ಎಲೀಯನ ಹೆಸರಿನಲ್ಲಿ ಹಣ್ಣುಗಳ ಜೊತೆ ಇಡುವ ಪ್ರಸಾದ ಅದು. ನಮ್ಮ ಮನೆಯ ಸಿಹಿ ಅವಲಕ್ಕಿಗೂ ಅದಕ್ಕೂ ರುಚಿಯಲ್ಲಿ ಹೆಚ್ಚು ಅಂತರವಿರಲಿಲ್ಲ.

ನನಗೆ ಆಗ ಅಚ್ಚರಿಯಾಗುತ್ತಿದ್ದದ್ದು ಒಂದೇ. ಶುಕ್ರವಾರ ಸಂಜೆ ಮಾವಶಿಯ ಕೆಲಸ ಎಂದೂ ಪೂರ್ತಿ ಮುಗಿದಿರುತ್ತಿರಲಿಲ್ಲ. ಹೊಲಿಗೆಯ ಮೆಷಿನ್ನಿನ ಮೇಲೆ ಅರ್ಧ ಹೊಲಿದ ರವಿಕೆ ಇರುತ್ತಿತ್ತು. ಹೊತ್ತಾಯಿತು ಎಂದರೆ ಸೂಜಿ ಇದ್ದಲ್ಲೇ ನಿಲ್ಲುತ್ತಿತ್ತು. ಬಹಳ ವರ್ಷಗಳ ಮೇಲೆ, ಅಬ್ರಹಾಂ ಜೋಶುವಾ ಹೆಶೆಲ್ ಎಂಬ ಯಹೂದಿ ಚಿಂತಕ 1951ರಲ್ಲಿ ಪ್ರಕಟಿಸಿದ ‘ದ ಸಬ್ಬತ್’ ಎಂಬ ಪುಟ್ಟ ಪುಸ್ತಕ ಓದುವಾಗ ಆ ಅರ್ಧ ರವಿಕೆ ಕಣ್ಮುಂದೆ ಬಂತು. ವಾರ್ಸಾದಲ್ಲಿ ಹುಟ್ಟಿ ಅಮೆರಿಕ ಸೇರಿದ, ತಾಯಿಯನ್ನೂ ಒಡಹುಟ್ಟಿದ ಕೆಲವರನ್ನೂ ನಾಜಿಗಳ ಕಾಲದಲ್ಲಿ ಕಳೆದುಕೊಂಡವರು ಹೆಶೆಲ್. ಬೈಬಲ್ಲಿನ ಸೃಷ್ಟಿಕಥೆಯಲ್ಲಿ ಮೊತ್ತಮೊದಲು ಪವಿತ್ರವೆನಿಸಿಕೊಂಡದ್ದು ಬೆಟ್ಟವಲ್ಲ, ನದಿಯಲ್ಲ, ಗುಡಿಯಲ್ಲ, ಒಂದು ದಿನ ಎಂಬುದರ ಕಡೆಗೆ ಅವರು ಓದುಗರ ಗಮನ ಸೆಳೆಯುತ್ತಾರೆ. ಊರು, ಮನೆ, ದೇವಾಲಯ ಎಲ್ಲವನ್ನೂ ಮತ್ತೆ ಮತ್ತೆ ಕಳೆದುಕೊಂಡ ಜನರ ಜೊತೆಗೆ ಹೋಗಬಲ್ಲ ದೇವಾಲಯ ಅದೊಂದೇ ಇದ್ದಿರಬೇಕು. ಯಹೂದಿ ಹಿರಿಯರ ಇನ್ನೊಂದು ವಿವರಣೆಯೂ ಇದೆ: ಸಬ್ಬತ್ ಬಂದಾಗ ಕೆಲಸವೆಲ್ಲ ಮುಗಿದೇ ಹೋಗಿದೆ ಎಂಬ ಮನಸ್ಸಿನಿಂದ ಕೂರಬೇಕು. ಮುಗಿದ ಮೇಲೆ ಕೂರುವುದಲ್ಲ, ಕೂತಾಗ ಮುಗಿದಂತೆ. ‘ಇನ್ನೆರಡು ವರ್ಷ’ ಎಂದು ಬದುಕುವ ನಮ್ಮಂಥವರಿಗೆ ಇದಕ್ಕಿಂತ ನೇರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒಮಾನಿನ ದಕ್ಷಿಣದ ತೈಲಕ್ಷೇತ್ರದಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಎರಡು ವಾರ ಮರುಭೂಮಿ, ಎರಡು ವಾರ ರಜೆ. ಅಲ್ಲಿದ್ದಾಗ ಸೋಮವಾರವೂ ಒಂದೇ, ಗುರುವಾರವೂ ಒಂದೇ. ಹನ್ನೆರಡು ಗಂಟೆ ದುಡಿತ, ಊಟ, ನಿದ್ದೆ. ವಾರ ಯಾವುದೆಂದು ಮರೆತೇ ಹೋಗುತ್ತದೆ ಎನ್ನುತ್ತಾನೆ. ಅವನಿಗೆ ಗುರುತು ಸಿಗುವುದು ಶನಿವಾರ ಒಂದೇ. ತಾಯಿ ನಡೆಸಿಕೊಂಡು ಬಂದ ಶನಿವಾರದ ಒಪ್ಪೊತ್ತನ್ನು ಇವನೂ ಹಿಡಿದಿದ್ದಾನೆ. ಅವತ್ತು ರಾತ್ರಿ ಕ್ಯಾಂಪಿನ ಮೆಸ್ಸಿಗೆ ಹೋಗುವುದಿಲ್ಲ, ಎರಡು ಬಾಳೆಹಣ್ಣು ತಿಂದು ಮಲಗುತ್ತಾನೆ.

ಅವನ ಮಾತು ಕೇಳಿದ ಮೇಲೆ ನನಗೆ ಬಹಳ ಪ್ರಿಯವಾದ ಒಂದು ಚರ್ಚೆಯನ್ನು ಅವನಿಗೆ ಹೇಳಿದೆ. ಯಹೂದಿ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುಡ್‌ನಲ್ಲಿ ಒಂದು ಪ್ರಶ್ನೆ ಬರುತ್ತದೆ. ಮರುಭೂಮಿಯಲ್ಲಿ ದಾರಿ ತಪ್ಪಿದವನೊಬ್ಬನಿಗೆ ಇವತ್ತು ಯಾವ ವಾರ ಎಂಬುದು ಮರೆತುಹೋಗಿದೆ. ಅವನು ಸಬ್ಬತ್ತನ್ನು ಆಚರಿಸುವುದು ಹೇಗೆ? ಆರು ದಿನ ಎಣಿಸಿ ಏಳನೆಯದನ್ನು ಆಚರಿಸಲಿ ಎನ್ನುತ್ತಾನೆ ರಾವ್ ಹೂನ ಎಂಬ ಪಂಡಿತ. ರಾವ್ ಎಂಬ ಗುರುವಿನ ಮಗ ಹಿಯ್ಯ ಒಪ್ಪುವುದಿಲ್ಲ: ಮೊದಲು ಒಂದು ದಿನ ಆಚರಿಸಲಿ, ಆಮೇಲೆ ಆರು ಎಣಿಸಲಿ. ಒಬ್ಬನಿಗೆ ಲೋಕದ ಸೃಷ್ಟಿ ಮಾದರಿ, ಆರು ದಿನ ಕೆಲಸ, ಆಮೇಲೆ ವಿಶ್ರಾಂತಿ. ಇನ್ನೊಬ್ಬನಿಗೆ ಆದಾಮ ಮಾದರಿ. ಶುಕ್ರವಾರ ಹುಟ್ಟಿದ ಅವನಿಗೆ ಬದುಕಿನ ಮೊದಲ ಪೂರ್ತಿ ದಿನವೇ ಸಬ್ಬತ್ತು. ಚರ್ಚೆ ಅಲ್ಲಿಗೆ ನಿಲ್ಲುವುದಿಲ್ಲ. ಯಾವ ದಿನ ನಿಜವಾದ ಸಬ್ಬತ್ತೋ ಗೊತ್ತಿಲ್ಲವಾದ್ದರಿಂದ ಅವನು ಪ್ರತಿದಿನವೂ ಜೀವ ಹಿಡಿಯಲು ಬೇಕಾದಷ್ಟೇ ದುಡಿಯಬೇಕು, ತಾನು ಎಣಿಸಿಕೊಂಡ ಆ ದಿನವೂ ಅಷ್ಟು ದುಡಿಯಬಹುದು. ಹಾಗಾದರೆ ಆ ದಿನಕ್ಕೂ ಉಳಿದ ದಿನಕ್ಕೂ ವ್ಯತ್ಯಾಸವೇನು? ಬರಮಾಡಿಕೊಳ್ಳುವಾಗ ಒಂದು ಪ್ರಾರ್ಥನೆ, ಬೀಳ್ಕೊಡುವಾಗ ಒಂದು ಪ್ರಾರ್ಥನೆ, ಅಷ್ಟೇ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಹಿಯ್ಯನ ಕಡೆ” ಎಂದ. ಕಾರಣ ಕೇಳಿದೆ. “ಮೊದಲು ದುಡಿ ಎನ್ನುವವರು ಬೇಕಾದಷ್ಟು ಜನ ಇದ್ದಾರಲ್ಲ.”

ಮರುಭೂಮಿಯ ಅಂಚಿನಲ್ಲೇ ಕಾಲವನ್ನು ಇಷ್ಟೇ ಎಚ್ಚರದಿಂದ ಹಿಡಿದವರು ಈ ನಾಡಿನ ರೈತರು. ಮಸ್ಕತ್ತಿನಿಂದ ನಿಜ್ವಾ ಕಡೆಗೆ ಹೋದರೆ ಬಿರ್ಕತ್ ಅಲ್ ಮೌಜ್ ಎಂಬ ಊರು ಸಿಗುತ್ತದೆ. ಬೆಟ್ಟದ ಬುಡದ ಅಂತರ್ಜಲವನ್ನು ಕಾಲುವೆಯಲ್ಲಿ ಹರಿಸಿ ತಂದು ಖರ್ಜೂರದ ತೋಟಗಳಿಗೆ ಕೊಡುವ ಫಲಜ್ ಅಲ್ಲಿ ಹರಿಯುತ್ತದೆ. ದೇಶದಲ್ಲಿ ಇಂಥವು ಸುಮಾರು 3,000 ಇವೆ. ಅವುಗಳಲ್ಲಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಡಿಯುವ ನೀರು ಮೊದಲು, ಎಲ್ಲರಿಗೂ. ಆಮೇಲೆ ತೋಟಗಳ ಪಾಲು. ಈ ಪಾಲನ್ನು ಕೊಡದಲ್ಲಿ ಅಳೆಯುವುದಿಲ್ಲ, ಹೊತ್ತಿನಲ್ಲಿ ಅಳೆಯುತ್ತಾರೆ. ಒಂದು ಅಥರ್ ಎಂದರೆ ಸುಮಾರು ಅರ್ಧ ಗಂಟೆ. ಹಗಲಲ್ಲಿ ನೆಟ್ಟ ಕೋಲಿನ ನೆರಳು ಯಾವ ಗುರುತಿಗೆ ಬಂತೆಂದು ನೋಡಿ, ರಾತ್ರಿ ಯಾವ ನಕ್ಷತ್ರ ಮೂಡಿತೆಂದು ನೋಡಿ ಸರದಿ ಬದಲಿಸುತ್ತಿದ್ದರು. ಈಗ ಕೈಗಡಿಯಾರಗಳು ಬಂದಿವೆ, ಆದರೂ ನೆರಳಿನ ಗಡಿಯಾರಗಳು ಕೆಲವು ಹಳ್ಳಿಗಳಲ್ಲಿ ಉಳಿದಿವೆ. ಒಂದಷ್ಟು ಹೊತ್ತು ಮಸೀದಿಯದ್ದು. ಒಂದಷ್ಟು ಹೊತ್ತನ್ನು ಹರಾಜು ಹಾಕಿ ಬಂದ ಹಣದಲ್ಲಿ ಕಾಲುವೆಯ ದುರಸ್ತಿ. ಮಗನಿಗೆ ತಂದೆಯಿಂದ ಆಸ್ತಿಯಾಗಿ ಬರುವುದು ಅರ್ಧ ಗಂಟೆ, ಒಂದು ಗಂಟೆ. ಆ ಹೊತ್ತಿಗೆ ಕಾಲುವೆಯ ಬಾಯಲ್ಲಿ ಇರಬೇಕು. ನಾಳೆ ಬರುತ್ತೇನೆ ಎಂದರೆ ನೀರು ಪಕ್ಕದವನ ತೋಟಕ್ಕೆ ಹೋಗಿರುತ್ತದೆ.

ಯಹೂದಿ ಸಂಪ್ರದಾಯದ ಗಂಟೆಯೂ ನೆರಳಿನ ಗಂಟೆಯೇ. ಹಗಲನ್ನು ಹನ್ನೆರಡು ಪಾಲು ಮಾಡಿದರೆ ಒಂದು ಪಾಲು ಒಂದು ಗಂಟೆ. ಮಸ್ಕತ್ತಿನ ಜೂನ್ ತಿಂಗಳ ಹಗಲಿಗೆ ಅದು ನಮ್ಮ ಗಡಿಯಾರದ ಸುಮಾರು 68 ನಿಮಿಷವಾದೀತು, ಡಿಸೆಂಬರಿನಲ್ಲಿ ಸುಮಾರು 53. ಬೆಳಗಿನ ಪ್ರಾರ್ಥನೆ ಇಂತಿಷ್ಟು ಗಂಟೆಯೊಳಗೆ ಆಗಬೇಕು ಎಂಬಂಥ ನಿಯಮಗಳೆಲ್ಲ ಈ ಹಿಗ್ಗಿ ಕುಗ್ಗುವ ಗಂಟೆಗಳಲ್ಲೇ ಇವೆ. ನಮಗೆ ಇದು ಹೊಸದೇನಲ್ಲ. ರಾಹುಕಾಲ, ಗುಳಿಕಕಾಲಗಳೂ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿ ಬರುವಂಥವು. ಊರಿಂದ ಬರುವವರ ಕೈಯಲ್ಲಿ ತರಿಸಿಕೊಂಡ ಬೆಂಗಳೂರು ಪ್ರೆಸ್ ಕ್ಯಾಲೆಂಡರು ಇಲ್ಲಿಯ ಎಷ್ಟೋ ಕನ್ನಡ ಮನೆಗಳ ಅಡುಗೆಕೋಣೆಯಲ್ಲಿ ತೂಗುತ್ತದೆ. ಅದರಲ್ಲಿ ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಅದನ್ನೇ ಇಲ್ಲಿಯ ಗಡಿಯಾರಕ್ಕೆ ಹೊಂದಿಸಿ ನಡೆಯುವವರಿದ್ದಾರೆ. ಇಲ್ಲಿಯ ಸೂರ್ಯನಿಗೆ ಲೆಕ್ಕ ಹಾಕಿಕೊಳ್ಳುವವರೂ ಇದ್ದಾರೆ. ಎರಡನೆಯವರನ್ನು ಕಂಡರೆ ನನಗೆ ಹೆಚ್ಚು ಪ್ರೀತಿ. ಬಂದ ಊರಿನ ಸೂರ್ಯನನ್ನೂ ನಮ್ಮವನೆಂದು ಒಪ್ಪಿಕೊಂಡಿದ್ದಾರೆ ಅನಿಸುತ್ತದೆ.

ಈ ತೀರಕ್ಕೆ ಯಹೂದಿಗಳು ಹೊಸಬರೇನೂ ಆಗಿರಲಿಲ್ಲ. ಹತ್ತನೇ ಶತಮಾನದ ಆರಂಭದಲ್ಲಿ ಸೋಹಾರ್ ಬಂದರಿಗೆ ಇಸ್ಹಾಕ್ ಎಂಬ ಯಹೂದಿ ವ್ಯಾಪಾರಿ ಚೀನಾದಿಂದ ಹಡಗು ತುಂಬ ಕಸ್ತೂರಿ, ರೇಷ್ಮೆ, ಪಿಂಗಾಣಿ ಹೇರಿಕೊಂಡು ಬಂದ ಕಥೆಯನ್ನು ಹಳೆಯ ನಾವಿಕರ ಸಂಗ್ರಹವೊಂದು ಹೇಳುತ್ತದೆ. ಹೊರಟಾಗ ಕೈಯಲ್ಲಿದ್ದದ್ದು 200 ದಿನಾರು. ಮರಳಿದ್ದು ಮೂವತ್ತು ವರ್ಷಗಳ ಮೇಲೆ. ಜೇಮ್ಸ್ ವೆಲ್‌ಸ್ಟೆಡ್ ಎಂಬ ನೌಕಾಧಿಕಾರಿ 1835ರಲ್ಲಿ ಬಂದಾಗ, ಬಾಗ್ದಾದಿನ ದಾವೂದ್ ಪಾಶಾನ ಕಾಟ ತಾಳದೆ ಬಂದ ಯಹೂದಿಗಳು ಮಸ್ಕತ್ತಿನಲ್ಲಿದ್ದರು. ಆ ಸಮುದಾಯ ಈಗ ಇಲ್ಲಿಲ್ಲ. ಇದೇ ಕಡಲಿನ ಆಚೆ ನಮ್ಮ ಮಂಗಳೂರಿನಲ್ಲೂ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿನಿಂದ 1149ರವರೆಗೆ ನೆಲೆಸಿ ಅಡಿಕೆ, ಮೆಣಸು, ಕಬ್ಬಿಣದ ವ್ಯಾಪಾರ ಮಾಡಿದ. ಅಮಿತಾವ್ ಘೋಷ್ 1992ರಲ್ಲಿ ಬರೆದ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಓದಿದವರಿಗೆ ಅವನೂ, ಅವನ ಆಳು ಬೊಮ್ಮನೂ ಗೊತ್ತು. ಏಡನ್ನಿಗೆ ಬರೆದ ಪತ್ರಕ್ಕೆ ಉತ್ತರ ಬರಬೇಕಾದರೆ ಮಳೆಗಾಲದ ಗಾಳಿ ತಿರುಗುವವರೆಗೆ ಕಾಯಬೇಕಾಗಿದ್ದ ಕಾಲ ಅದು.

ಆ ಪತ್ರಗಳು ಉಳಿದದ್ದು ಕೈರೋ ಪಕ್ಕದ ಫುಸ್ತಾತ್‌ನ ಸಿನಗಾಗಿನ ಉಗ್ರಾಣದಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂದು ಅಲ್ಲಿ ತುಂಬಿಡುತ್ತಿದ್ದರು. ಅದೇ ರಾಶಿಯಲ್ಲಿ ದಾವೀದ್ ಎಂಬ ತರುಣ ವ್ಯಾಪಾರಿ ಕೆಂಪು ಸಮುದ್ರದ ದಂಡೆಯಿಂದ ಅಣ್ಣನಿಗೆ ಬರೆದ ಪತ್ರವೂ ಸಿಕ್ಕಿತು. ಅಲ್ಲಿಂದ ಹೊರಟ ಅವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ. ಆ ಅಣ್ಣನೇ ಮೋಶೆ ಬೆನ್ ಮೈಮೋನ್, ಜಗತ್ತು ಮೈಮೊನಿಡೀಸ್ ಎಂದು ಕರೆಯುವ ಪಂಡಿತ ಮತ್ತು ವೈದ್ಯ. ನೋಡಲು ಬರುತ್ತೇನೆಂದ ತನ್ನ ಅನುವಾದಕನಿಗೆ 1199ರಲ್ಲಿ ಅವನು ಬರೆದ ಪತ್ರದಲ್ಲಿ ತನ್ನ ದಿನಚರಿ ಇದೆ. ಬೆಳಿಗ್ಗೆ ಸುಲ್ತಾನನ ಅರಮನೆ. ಮಧ್ಯಾಹ್ನದ ಮೇಲೆ ಹಸಿದು ಮನೆಗೆ ಬಂದರೆ ಅಂಗಳದ ತುಂಬ ರೋಗಿಗಳು. ಒಂದಿಷ್ಟು ತಿಂದು ಅವರನ್ನು ನೋಡುತ್ತ ನೋಡುತ್ತ ರಾತ್ರಿಯಾಗಿ, ಕೊನೆಗೆ ಮಲಗಿಕೊಂಡೇ ಔಷಧ ಹೇಳುವಷ್ಟು ದಣಿವು. ತನ್ನ ಜನರ ಜೊತೆ ಕೂತು ಓದಿ ಮಾತಾಡಲು ಸಿಗುವುದು ಸಬ್ಬತ್ತಿನ ದಿನ ಮಾತ್ರ. ಅರಮನೆಗೆ ಮನೆಯಿಂದ ಎಷ್ಟು ದೂರ ಎಂಬುದನ್ನೂ ಅವನು ಸಬ್ಬತ್ತಿನ ದಿನ ನಡೆಯಬಹುದಾದ ದೂರದ ಎರಡು ಪಟ್ಟು ಎಂದೇ ಹೇಳುತ್ತಾನೆ. ಇಂಥ ದಿನಗಳ ನಡುವೆ ಅವನು ಬರೆದ ಗ್ರಂಥಗಳನ್ನು ಎಂಟು ಶತಮಾನದಿಂದ ಜನ ಓದುತ್ತಿದ್ದಾರೆ. ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಗ್ರಂಥ ಬರೆದ ವರ್ಷಗಳಿಗಿಂತ ತಮ್ಮನಿಗಾಗಿ ಮಲಗಿದ ಆ ಒಂದು ವರ್ಷ. ಅದನ್ನು ಅವನು ಮರೆಮಾಚಲಿಲ್ಲ, ಬರೆದು ಹೇಳಿದ.

ದುಃಖಕ್ಕೆ ಹೊತ್ತು ಕೊಡುವುದನ್ನು ಯಹೂದಿಗಳು ನಿಯಮವಾಗಿಯೇ ಇಟ್ಟುಕೊಂಡಿದ್ದಾರೆ. ಆ ನಿಯಮ ನನಗೆ ನೆನಪಾಗುವುದು ಒಮಾನಿನ ದಕ್ಷಿಣದ ಸಲಾಲಾದಲ್ಲಿ. ಅಲ್ಲಿಯ ಬೆಟ್ಟದ ಮೇಲೆ ಪ್ರವಾದಿ ಅಯ್ಯೂಬರದ್ದೆಂದು ನಂಬುವ ಗೋರಿಯಿದೆ. ಬೈಬಲ್ಲಿನ ಯೋಬ ಅವನೇ. ಮಳೆಗಾಲದಲ್ಲಿ ಅಲ್ಲಿಗೆ ಹೋದರೆ ಆಗುಂಬೆಗೆ ಬಂದಂತಾಗುತ್ತದೆ, ಅಷ್ಟು ಮಂಜು, ಅಷ್ಟು ಹಸಿರು. ನಮ್ಮೂರಿಗೆ ಹೋಗುವ ಮುಂಗಾರೇ ದಾರಿಯಲ್ಲಿ ಅಲ್ಲಿಗೂ ತಾಗಿ ಹೋಗುತ್ತದೆ.   ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ, ಯಾರೂ ಒಂದು ಮಾತೂ ಆಡುವುದಿಲ್ಲ. ಇಂದಿಗೂ ಸಾವಿನ ಮನೆಯಲ್ಲಿ ಯಹೂದಿಗಳು ಏಳು ದಿನ ತಗ್ಗಾದ ಪೀಠದಲ್ಲಿ ಕೂರುತ್ತಾರೆ. ನೋಡಲು ಹೋದವರು ದುಃಖದಲ್ಲಿರುವವರು ಬಾಯಿ ತೆರೆಯುವವರೆಗೆ ತಾವಾಗಿ ಮಾತು ಎತ್ತುವುದಿಲ್ಲ. ಮೊದಲ ಊಟ ನೆರೆಯವರ ಮನೆಯಿಂದ ಬರುತ್ತದೆ. ಆಮೇಲೆ ಮೂವತ್ತು ದಿನದ ಒಂದು ಹಂತ. ತಂದೆತಾಯಿಯಾದರೆ ಹನ್ನೊಂದು ತಿಂಗಳು ಪ್ರಾರ್ಥನೆ. ವರ್ಷಕ್ಕೊಮ್ಮೆ ತಿಥಿ, ಅದೂ ಚಾಂದ್ರಮಾನದ ಪ್ರಕಾರ, ನಮ್ಮ ಹಾಗೆಯೇ ಅಧಿಕಮಾಸದ ಲೆಕ್ಕ ಹಿಡಿದು.

ಕಳೆದ ವರ್ಷ ಹೊನ್ನಾವರ ಕಡೆಯ ನನ್ನ ಸಹೋದ್ಯೋಗಿಯ ತಂದೆ ತೀರಿಕೊಂಡರು. ಸಿಕ್ಕಿದ ರಜೆ ಕೆಲವೇ ದಿನ. ಕ್ರಿಯೆಗಳನ್ನು ತಮ್ಮನಿಗೆ ಒಪ್ಪಿಸಿ, ಹದಿಮೂರಕ್ಕೆ ಇನ್ನೂ ಸುಮಾರು ವಾರವಿರುವಾಗಲೇ ಅವನು ವಾಪಸು ಬಂದು ಕಂಪ್ಯೂಟರಿನ ಮುಂದೆ ಕೂತ. ಕೊಲ್ಲಿಯಲ್ಲಿ ಇದು ಯಾರಿಗೂ ಬರಬಹುದಾದ ಪಾಡು, ಹಾಗಾಗಿ ಯಾರೂ ಇದನ್ನು ದೊಡ್ಡದು ಮಾಡುವುದಿಲ್ಲ. ನನಗೆ ಮಾತ್ರ ಅವನ ಬೆನ್ನು ನೋಡಲಾಗುತ್ತಿರಲಿಲ್ಲ. ನಾವು ನಾಲ್ಕೈದು ಜನ ಮಾತಾಡಿಕೊಂಡು, ಹದಿಮೂರರವರೆಗೆ ದಿನಾ ಸಂಜೆ ದಾರ್ಸೈಟಿನ ಅವನ ಮನೆಗೆ ಹೋದೆವು. ಸಮಾಧಾನ ಹೇಳುವುದು ಬೇಡ, ಕೂತರೆ ಸಾಕು ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಸರದಿಯ ಮೇಲೆ ಒಬ್ಬೊಬ್ಬರ ಮನೆಯಿಂದ ಗಂಜಿ, ಚಟ್ನಿ, ಸಾರು. ಮೊದಲ ಎರಡು ಸಂಜೆ ಏಸಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಮ್ಮಲ್ಲಿ ಒಬ್ಬರಿಗೆ ಅದು ತಡೆಯಲಾರದ ಕಷ್ಟವಾಯಿತು. ಆದರೂ ಅವರು ಎದ್ದು ಹೋಗಲಿಲ್ಲ.

ಮೂರನೆಯ ಸಂಜೆ ಅವನೇ ಶುರು ಮಾಡಿದ. ಬೆಟ್ಟದ ಹಳ್ಳದ ನೀರನ್ನು ಕಾಲುವೆಯಲ್ಲಿ ತಂದು ನಾಲ್ಕು ಮನೆಯ ಅಡಿಕೆ ತೋಟಗಳಿಗೆ ಹಂಚಿಕೊಳ್ಳುತ್ತಿದ್ದರಂತೆ. ಬೇಸಿಗೆಯಲ್ಲಿ ಅವರ ಸರದಿ ನಡುರಾತ್ರಿ ಬರುತ್ತಿತ್ತು. ಅಪ್ಪ ಲಾಟೀನು ಹಿಡಿದು ಹೊರಟರೆ ಇವನೂ ಹಿಂದೆ ಹೋಗುತ್ತಿದ್ದ. ಮಣ್ಣಿನ ಕಟ್ಟು ಒಡೆದು ನೀರು ತಿರುಗಿಸಿ, ತೋಟ ತೋಯುವವರೆಗೆ ಇಬ್ಬರೂ ಕಾಲುವೆ ಏರಿಯ ಮೇಲೆ ಕೂರುವುದು. ಅಪ್ಪ ಹಗಲಿನಲ್ಲಿ ಇವನ ಜೊತೆ ಹೆಚ್ಚು ಮಾತಾಡಿದವರಲ್ಲ. ಆ ಹೊತ್ತಿನಲ್ಲಿ ಮಾತ್ರ ಯಕ್ಷಗಾನದ ಪ್ರಸಂಗಗಳನ್ನು ಒಂದೊಂದಾಗಿ ಹೇಳುತ್ತಿದ್ದರಂತೆ. ಗೊತ್ತಿದ್ದ ಮಟ್ಟಿಗೆ ಅವನು ಅಪ್ಪನ ಜೊತೆ ಕಳೆದ ಹೊತ್ತೆಂದರೆ ಅದೇ. ಅವತ್ತು ಅವನು ಮಾತು ನಿಲ್ಲಿಸುವಾಗ ಹನ್ನೊಂದು ಗಂಟೆ ದಾಟಿತ್ತು, ಬೆಳಿಗ್ಗೆ ಎಲ್ಲರಿಗೂ ಆಫೀಸಿತ್ತು, ಯಾರೂ ಗಡಿಯಾರ ನೋಡಿರಲಿಲ್ಲ.

ಈಗ ವರ್ಷಾಬ್ದಿಕ ಹತ್ತಿರ ಬರುತ್ತಿದೆ. ಪಂಚಾಂಗ ನೋಡಿ ತಿಥಿ ಯಾವ ತಾರೀಖಿಗೆ ಬೀಳುತ್ತದೆಂದು ಗುರುತು ಮಾಡಿಕೊಂಡು ರಜೆಗೆ ಅರ್ಜಿ ಹಾಕಿದ್ದಾನೆ, ಈ ಸಲ ಮೊದಲೇ ಮಂಜೂರಾಗಿದೆ. ಎರಡು ದಿನ ಮುಂಚೆ ಹೋಗಿ ಕಾಲುವೆಯ ಹೂಳು ತೆಗೆಸಬೇಕು, ವರ್ಷದಿಂದ ಯಾರೂ ಆ ಕಡೆ ನೋಡಿಲ್ಲ ಎನ್ನುತ್ತಿದ್ದ. ಗುದ್ದಲಿ ಹಿಡಿಯಲು ನಾನೂ ಬರುತ್ತೇನೆ ಎಂದು ಟಿಕೆಟ್ಟು ಮಾಡಿಸಿದ್ದೇನೆ.